ಮನೆ ಗೆದ್ದು ಮಾರು ಸೋತ ಸಮ್ಮೇಳನ

ಇತಿಹಾಸವನ್ನು ಬೋಧಿಸಿದ ಇಷ್ಟು ವರ್ಷಗಳಲ್ಲಿ, ಯಶಸ್ವಿಯಾದ ಸಮ್ಮೇಳನಗಳಿಗಿಂತ ಮುರಿದುಬಿದ್ದವೇ ಹೆಚ್ಚಿನ ಪಾಠ ಹೇಳುತ್ತವೆ ಎಂದು ನನಗೆ ಅನಿಸಿದೆ. ೧೯೩೩ರ ಲಂಡನ್ ವಿಶ್ವ ಆರ್ಥಿಕ ಸಮ್ಮೇಳನ ಅಂಥದ್ದೊಂದು.

ಅದರ ಹಿನ್ನೆಲೆಯನ್ನು ಮೊದಲು ನೋಡೋಣ. ೧೯೨೯ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು. ಮರುವರ್ಷ ಅಮೆರಿಕವು ಸ್ಮೂಟ್-ಹಾಲಿ ಕಾಯಿದೆಯಿಂದ ಆಮದು ಸುಂಕವನ್ನು ಏರಿಸಿದಾಗ ಇತರ ದೇಶಗಳೂ ಪ್ರತಿಸುಂಕ ಹೇರಿದವು. ೧೯೩೧ರಲ್ಲಿ ಬ್ರಿಟನ್ ಪೌಂಡನ್ನು ಚಿನ್ನದ ಕಟ್ಟಿನಿಂದ ಬಿಡಿಸಿತು. ನಾಲ್ಕು ವರ್ಷಗಳಲ್ಲಿ ವಿಶ್ವ ವ್ಯಾಪಾರದ ಮೌಲ್ಯ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯಿತು.

ಇದಕ್ಕೆ ಪರಿಹಾರ ಹುಡುಕಲು ೬೬ ದೇಶಗಳ ಪ್ರತಿನಿಧಿಗಳು ೧೯೩೩ರ ಜೂನ್ ೧೨ರಂದು ಲಂಡನ್ನಿನ ಭೂವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ನೆರೆದರು. ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದನು. ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅಧ್ಯಕ್ಷತೆ ವಹಿಸಿದರು. ಚಿನ್ನಕ್ಕೆ ಅಂಟಿಕೊಂಡಿದ್ದ ಫ್ರಾನ್ಸ್, ನಾಣ್ಯಗಳ ವಿನಿಮಯ ದರ ಮೊದಲು ಸ್ಥಿರವಾಗಲಿ ಎಂದಿತು. ಆದರೆ ಅಮೆರಿಕ ಆ ಏಪ್ರಿಲ್‌ನಲ್ಲಷ್ಟೇ ಚಿನ್ನದ ಕಟ್ಟನ್ನು ಬಿಟ್ಟಿತ್ತು. ಡಾಲರಿನ ಬೆಲೆ ಇಳಿದಂತೆ ಅಲ್ಲಿನ ರೈತರ ಬೆಳೆಗಳ ದರ ಏರತೊಡಗಿತ್ತು. ಅದನ್ನು ತಡೆಯಲು ಅಧ್ಯಕ್ಷ ರೂಸ್‌ವೆಲ್ಟ್ ಒಪ್ಪಲಿಲ್ಲ. ಜುಲೈ ೩ರಂದು ಬಹಿರಂಗವಾದ ಅವರ ಸಂದೇಶದ ಸಾರವಿಷ್ಟೆ: ದೇಶದ ಒಳಗಿನ ಆರ್ಥಿಕತೆ ಸರಿಯಾಗುವುದು ನಾಣ್ಯದ ವಿನಿಮಯ ದರಕ್ಕಿಂತ ಮುಖ್ಯ. ನಮ್ಮ ಹಿರಿಯರು ಹೇಳುವ ‘ಮನೆ ಗೆದ್ದು ಮಾರು ಗೆಲ್ಲು’ ಎಂಬ ಮಾತೇ ಅದು!

ಈ ನಿಲುವನ್ನು ಸ್ವಾರ್ಥವೆಂದು ತಳ್ಳಿಹಾಕಲಾಗದು. ಅರ್ಥಶಾಸ್ತ್ರಜ್ಞ ಕೇನ್ಸ್ ಕೂಡ ಅದನ್ನು ಸಮರ್ಥಿಸಿದರು. ಆದರೆ ಪ್ರತಿಯೊಂದು ದೇಶವೂ ತನ್ನ ಮನೆಯನ್ನು ಗೆಲ್ಲಲು ನೆರೆಯವನ ಸರಕಿಗೆ ಬಾಗಿಲು ಮುಚ್ಚಿದರೆ, ಮಾರುವುದಾದರೂ ಯಾರಿಗೆ? ಸಮ್ಮೇಳನ ಜುಲೈ ೨೭ರಂದು ಚದುರಿತು. ಕೈಗೆ ಸಿಕ್ಕ ಫಲಗಳಲ್ಲಿ ಹೇಳಿಕೊಳ್ಳಬಹುದಾದದ್ದು ಎಂಟು ದೇಶಗಳ ಬೆಳ್ಳಿ ಒಪ್ಪಂದ. ಪರಾಧೀನ ಭಾರತವೂ ಅದರಲ್ಲಿ ಸೇರಿ, ನಾಲ್ಕು ವರ್ಷಗಳಲ್ಲಿ ೧೪ ಕೋಟಿ ಔನ್ಸಿಗಿಂತ ಹೆಚ್ಚು ಬೆಳ್ಳಿ ಮಾರುವುದಿಲ್ಲವೆಂದು ಒಪ್ಪಿತು.

ಎಪ್ಪತ್ತಾರು ವರ್ಷಗಳ ಬಳಿಕ, ೨೦೦೯ರ ಏಪ್ರಿಲ್ ೨ರಂದು, ಮತ್ತೊಂದು ಮಹಾಕುಸಿತದ ನಡುವೆ ಜಿ-೨೦ ನಾಯಕರು ಅದೇ ಲಂಡನ್ನಿನಲ್ಲಿ ಸೇರಿದರು. ಈ ಬಾರಿ ಸ್ವತಂತ್ರ ಭಾರತದ ಪರವಾಗಿ ಡಾ. ಮನಮೋಹನ್ ಸಿಂಗ್ ಕುಳಿತಿದ್ದರು. ೧.೧ ಲಕ್ಷ ಕೋಟಿ ಡಾಲರುಗಳ ನೆರವಿನ ಘೋಷಣೆಯಾಯಿತು. ಹೊಸ ವ್ಯಾಪಾರ ತಡೆಗಳನ್ನು ಹಾಕುವುದಿಲ್ಲವೆಂಬ ವಚನವನ್ನೂ ನವೀಕರಿಸಿದರು. ಆ ವಚನ ಅಲ್ಲಲ್ಲಿ ಮುರಿಯಿತು, ನಿಜ. ಆದರೂ ಮೂವತ್ತರ ದಶಕದ ಸುಂಕಯುದ್ಧ ಮರುಕಳಿಸಲಿಲ್ಲ. ಎರಡೂ ಸಲ ಪ್ರತಿ ನಾಯಕನಿಗೂ ತನ್ನ ಮನೆಯ ಚಿಂತೆ ಇತ್ತು. ಎರಡನೆಯ ಸಲ, ನೆರೆಮನೆ ಉರಿಯುತ್ತಿದ್ದರೆ ತನ್ನ ಮನೆ ಉಳಿಯದೆಂಬ ಅರಿವೂ ಜೊತೆಗಿತ್ತು.

೨೦೨೫ರಲ್ಲಿ ಅಮೆರಿಕ ಮತ್ತೆ ಸುಂಕದ ಗೋಡೆ ಎತ್ತರಿಸಿದ ಸುದ್ದಿ ಓದಿದಾಗ ನನಗೆ ನೆನಪಾದದ್ದು ೨೦೦೯ಕ್ಕಿಂತ ೧೯೩೩ರ ಲಂಡನ್ನೇ.