ತತ್ವಪದದಿಂದ ರಾಕ್‌ವರೆಗೆ

ಹಳೆಯ ಹಾಡನ್ನು ಹೊಸ ವಾದ್ಯಗಳಲ್ಲಿ ಮರಳಿ ಕಟ್ಟುವ ಕೆಲಸ ಶಿವಮೊಗ್ಗ ಸೀಮೆಗೆ ಮುಟ್ಟಿದ್ದು ಗಿಟಾರಿನಿಂದಲ್ಲ, ಸುಗಮ ಸಂಗೀತದ ಹಾರ್ಮೋನಿಯಂ, ತಬಲಾಗಳಿಂದ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಇಂಥ ಹಾಡುಗಳನ್ನು ಮಲೆನಾಡಿನ ಮನೆಗಳಿಗೆ ತಲುಪಿಸಿತು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು.

ಹೀಗೆ ಮರಳಿ ಕಟ್ಟುವುದು ಹೆಚ್ಚು ಸ್ಪಷ್ಟವಾಗಿ ಕಾಣುವುದು ಶಿಶುನಾಳ ಶರೀಫರ (1819–1889) ತತ್ವಪದಗಳಲ್ಲಿ. ಏಕತಾರಿ, ತಾಳಗಳ ಜೊತೆ ಭಜನೆಯವರ ಬಾಯಲ್ಲಿ ಉಳಿದಿದ್ದ ಅವನ್ನು ಸಿ. ಅಶ್ವತ್ಥ್ ಹೊಸ ಧಾಟಿಯಲ್ಲಿ ಸಂಯೋಜಿಸಿದರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಅವನ್ನು ಇನ್ನಷ್ಟು ಹರಡಿತು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿ ವಕೀಲಿಕೆ ಮಾಡಿದ ಶಿವಮೊಗ್ಗ ಸುಬ್ಬಣ್ಣ (1938–2022) ಶರೀಫರ ಪದಗಳ ಮುಖ್ಯ ಗಾಯಕರಲ್ಲೊಬ್ಬರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ಅವರು ರಾಷ್ಟ್ರಪ್ರಶಸ್ತಿ ಪಡೆದರು. ಆ ಗೌರವ ಪಡೆದ ಮೊದಲ ಕನ್ನಡ ಹಿನ್ನೆಲೆ ಗಾಯಕ ಅವರೇ.

ಮುಂದಿನ ತಿರುವು ಬೆಂಗಳೂರಿನದು. ಗಾಯಕ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಶರೀಫರ ‘ಗುಡುಗುಡಿಯ ಸೇದಿ ನೋಡೊ’ ಪದಕ್ಕೆ ಗಿಟಾರ್, ಡ್ರಮ್ಸ್ ಕೂಡಿಸಿದರು. ಇದು ಜಾನಪದ ರಾಕ್. ಇದರ ತಂತ್ರ ಇಷ್ಟೇ: ಸಾಹಿತ್ಯ ಕೈಬಿಡದೆ ಲಯವನ್ನು ಭಾರವಾಗಿಸುವುದು. ತತ್ವಪದದ ಪಲ್ಲವಿ ಮತ್ತೆ ಮತ್ತೆ ಮರಳುವುದರಿಂದ ರಾಕ್‌ನ ಆವರ್ತನೆಗೆ ಅದು ಸುಗಮ ಸಂಗೀತದ ಭಾವಗೀತೆಗಿಂತ ಸಲೀಸಾಗಿ ಒಗ್ಗುತ್ತದೆ.