ಮಿಸ್ಕಿಟೊ ಕರಾವಳಿಯ ಮೊರಾವಿಯನ್ ಮಿಷನ್

ಮಧ್ಯ ಅಮೆರಿಕದ ನಿಕರಾಗುವಾ ದೇಶದ ಪೂರ್ವ ಕರಾವಳಿಯಲ್ಲಿ 1849ರಲ್ಲಿ ಆರಂಭವಾದ ಪ್ರೊಟೆಸ್ಟೆಂಟ್ ಮಿಷನ್. ಪೆಸಿಫಿಕ್ ಕಡೆಯ ನಿಕರಾಗುವಾ ಸ್ಪೇನಿನ ಆಳ್ವಿಕೆಯಲ್ಲಿ ಕ್ಯಾಥೊಲಿಕ್ ಆಯಿತು. ಕೆರಿಬಿಯನ್ ಸಮುದ್ರದ ಕಡೆಗಿರುವ ಕಾಡು, ಹಿನ್ನೀರು, ನದಿಗಳ ಸೀಮೆ ಸ್ಪೇನಿನ ಕೈಗೆ ಸಿಗಲೇ ಇಲ್ಲ. ಅಲ್ಲಿ ಮಿಸ್ಕಿಟೊ ಜನರಿಗೆ ಅವರದೇ ದೊರೆಯಿದ್ದ, ಅವನ ಬೆನ್ನಿಗೆ ಬ್ರಿಟಿಷರಿದ್ದರು. ಕರಾವಳಿಯ ಪೇಟೆಗಳಲ್ಲಿ ಆಫ್ರಿಕನ್ ಮೂಲದ, ಇಂಗ್ಲಿಷ್ ಆಡುವ ಕ್ರಿಯೋಲರು ನೆಲೆಸಿದ್ದರು.

ಮಿಷನ್ನಿನ ಹುಟ್ಟಿಗೆ ಭಕ್ತಿಯಷ್ಟೇ ಕಾರಣವಲ್ಲ. 1840ರ ದಶಕದಲ್ಲಿ ಪ್ರಷ್ಯದ ಕೆಲವು ಶ್ರೀಮಂತರಿಗೆ ಇಲ್ಲಿ ಜರ್ಮನ್ ವಸಾಹತು ಕಟ್ಟುವ ಆಸೆ ಹುಟ್ಟಿತು. ವಲಸೆ ಬಂದವರು ಜ್ವರಕ್ಕೆ ಬಲಿಯಾದರು, ವಸಾಹತು ನೆಲಕಚ್ಚಿತು. ಆದರೆ ಶೋನ್‌ಬರ್ಗ್-ವಾಲ್ಡೆನ್‌ಬರ್ಗ್‌ನ ರಾಜಕುಮಾರ ಜರ್ಮನಿಯ ಹೆರ್ನ್‌ಹೂಟ್‌ನ ಮೊರಾವಿಯನ್ ಸಭೆಗೆ ಇಟ್ಟ ಕೋರಿಕೆ ಉಳಿಯಿತು. ಬೊಹೀಮಿಯದ ಯಾನ್ ಹುಸ್‌ನ ಪರಂಪರೆಯಿಂದ ಬಂದು, 18ನೇ ಶತಮಾನದಲ್ಲಿ ಕೌಂಟ್ ಜಿನ್‌ಜೆಂಡಾರ್ಫ್‌ನ ಜಮೀನಿನಲ್ಲಿ ಮರುಜೀವ ಪಡೆದ ಈ ಸಣ್ಣ ಸಭೆ ಗ್ರೀನ್‌ಲ್ಯಾಂಡ್, ಸುರಿನಾಮ್‌ಗಳಿಗೆ ಆಗಲೇ ತನ್ನವರನ್ನು ಕಳಿಸಿತ್ತು.

1847ರಲ್ಲಿ ಜಮೈಕಾದಿಂದ ಪ್ಫೈಫರ್ ಮತ್ತು ರೈಂಕೆ ಎಂಬಿಬ್ಬರು ಬಂದು ಸ್ಥಿತಿಗತಿ ನೋಡಿಕೊಂಡು ಹೋದರು. ಎರಡು ವರ್ಷದ ನಂತರ ಪ್ಫೈಫರ್ ಇನ್ನಿಬ್ಬರ ಜೊತೆ ಬ್ಲೂಫೀಲ್ಡ್ಸ್ ಬಂದರಿನಲ್ಲಿ ಇಳಿದ. ಮಿಸ್ಕಿಟೊ ದೊರೆ ಜಾರ್ಜ್ ಅಗಸ್ಟಸ್ ಫ್ರೆಡರಿಕ್ ಜಾಗ ಕೊಟ್ಟ. ಮೊದಮೊದಲು ದೀಕ್ಷಾಸ್ನಾನ ಪಡೆದ ಮಿಸ್ಕಿಟೊಗಳಲ್ಲಿ ಅವನ ಸೋದರಿ ಮಟಿಲ್ಡಾಳೂ ಒಬ್ಬಳು. ಹಾಗಿದ್ದರೂ ಮೂವತ್ತು ವರ್ಷ ಸಭೆ ಬಹುಮಟ್ಟಿಗೆ ಕ್ರಿಯೋಲರದಾಗಿಯೇ ಇತ್ತು. ಒಳನಾಡಿನ ಹಳ್ಳಿಗಳಲ್ಲಿ ಜನ ನಂಬಿದ್ದು ಸುಕಿಯಾ ಎಂಬ ಮಂತ್ರವೈದ್ಯನನ್ನು. ಅವನ ವಿದ್ಯೆ ಸೈತಾನನದೆಂದು ಮಿಷನರಿಗಳು ಜರೆದರು, ಆದರೆ ಔಷಧದ ಪೆಟ್ಟಿಗೆ ಇಲ್ಲದೆ ತಾವೂ ಹಳ್ಳಿಗೆ ಕಾಲಿಡುತ್ತಿರಲಿಲ್ಲ.

ಸ್ಥಿತಿ ತಿರುಗಿದ್ದು 1881ರಲ್ಲಿ. ಆರಾಧನೆಯ ನಡುವೆ ಜನ ನಡುಗಿ ಅತ್ತರು, ದರ್ಶನ ಕಂಡೆವೆಂದರು. ಬೋಧಕರು ಬೇಕೆಂದು ದೂರದ ಹಳ್ಳಿಗಳಿಂದ ದೋಣಿಯಲ್ಲಿ ಕರೆ ಬಂತು. ಶಿಸ್ತನ್ನೇ ಉಸಿರಾಡುವ ಜರ್ಮನ್ ಪಾದ್ರಿಗಳಿಗೆ ಇದು ಸಂತೋಷದಷ್ಟೇ ಮುಜುಗರದ ಸಂಗತಿ. ಅಂತೂ ಒಂದು ದಶಕದಲ್ಲಿ ಸಭೆಯ ಸಂಖ್ಯೆ ಸುಮಾರು ಮೂರು ಪಟ್ಟಾಯಿತು. ಕರಾವಳಿಯ ಚರ್ಚು ನಿಜವಾಗಿ ನೆಲೆಯೂರಿದ್ದು ಮಿಷನರಿಗಳ ಯೋಜನೆಯಿಂದಲ್ಲ, ಅವರ ಹತೋಟಿ ಮೀರಿದ ಈ ಅಲೆಯಿಂದ.

ಭಾಷೆಯ ವಿಷಯದಲ್ಲಿ ಮಿಷನ್ ಒಂದೇ ತೆರನಾಗಿ ನಡೆದುಕೊಳ್ಳಲಿಲ್ಲ. ಮಿಸ್ಕಿಟೊ ಮಾತಿಗೆ ಬರಹ ಕೊಟ್ಟು 1905ರಲ್ಲಿ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿತು. ಬ್ಲೂಫೀಲ್ಡ್ಸ್ ಹಿನ್ನೀರಿನ ರಾಮಾ ಕೇ ದ್ವೀಪದಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಬೋಧಿಸಿತು, ರಾಮಾ ಜನರ ನುಡಿಯನ್ನು ಹಗುರವಾಗಿ ಕಂಡಿತು. ಇಂದು ಆ ನುಡಿ ಆಡುವವರು ಬೆರಳೆಣಿಕೆಯಷ್ಟು. ಈ ಲೆಕ್ಕವನ್ನು ಮಿಷನ್ನಿನ ಖಾತೆಗೇ ಬರೆಯಬೇಕು.

1894ರಲ್ಲಿ ನಿಕರಾಗುವಾದ ಅಧ್ಯಕ್ಷ ಸೆಲಾಯನ ಸೈನ್ಯ ಬ್ಲೂಫೀಲ್ಡ್ಸ್ ಹಿಡಿಯಿತು. ಮಿಸ್ಕಿಟೊಗಳ ಕೊನೆಯ ಮುಖ್ಯಸ್ಥ ರಾಬರ್ಟ್ ಹೆನ್ರಿ ಕ್ಲಾರೆನ್ಸ್ ಜಮೈಕಾಕ್ಕೆ ಹೋದ. ಪಾಠವೆಲ್ಲ ಸ್ಪ್ಯಾನಿಷ್‌ನಲ್ಲೇ ಆಗಬೇಕೆಂಬ ಆಜ್ಞೆ ಬಂದು ಮಿಷನ್ ಶಾಲೆಗಳು ಕೆಲಕಾಲ ಬಾಗಿಲು ಹಾಕಿದವು. ದೊರೆ ಹೋದ ಮೇಲೆ ಹಳ್ಳಿಗಳನ್ನು ಒಂದಕ್ಕೊಂದು ಬೆಸೆದಿದ್ದು ಚರ್ಚೇ. ವ್ಯಾಜ್ಯ ತೀರ್ಮಾನಕ್ಕೂ ಜನ ಬೋಧಕನ ಬಳಿಗೆ ಹೋಗುವಂತಾಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಆಡಳಿತ ಜರ್ಮನರಿಂದ ಅಮೆರಿಕದ ಮೊರಾವಿಯನ್ನರ ಕೈ ಸೇರಿತು. ಮುಂದೆ ಕೊಕೊ ನದಿಯ ದಡದ ಬಿಲ್ವಾಸ್ಕರ್ಮಾದಲ್ಲಿ ಆಸ್ಪತ್ರೆ ಎದ್ದಿತು. ಅಮೆರಿಕದ ಬಾಳೆ, ಮರ, ಚಿನ್ನದ ಕಂಪನಿಗಳೂ ಆಗ ಕರಾವಳಿಯಲ್ಲಿದ್ದವು. ಜನ ಮಿಷನ್ನನ್ನೂ ಕಂಪನಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅಚ್ಚರಿಯಿಲ್ಲ: 1931ರಲ್ಲಿ ಅಮೆರಿಕದ ಹಿಡಿತದ ವಿರುದ್ಧ ಹೋರಾಡುತ್ತಿದ್ದ ಸ್ಯಾಂಡಿನೊನ ಬಂಡಾಯಗಾರರು ಮುಸಾವಾಸ್‌ನಲ್ಲಿ ಮಿಷನರಿ ಕಾರ್ಲ್ ಬ್ರೆಗೆಂಜರ್‌ನನ್ನು ಕೊಂದರು.

1974ರಲ್ಲಿ ಚರ್ಚು ಸ್ವತಂತ್ರವಾಯಿತು. ಮಿಸ್ಕಿಟೊ ಹಕ್ಕುಗಳ ಮೊದಲ ಸಂಘಟನೆ ಆಲ್‌ಪ್ರೊಮಿಸು ಹುಟ್ಟಿದ್ದೂ ಅದೇ ವರ್ಷ, ಬೋಧಕರ ಬೆಂಬಲದಿಂದ. 1979ರಲ್ಲಿ ಅಧಿಕಾರಕ್ಕೆ ಬಂದ, ಸ್ಯಾಂಡಿನೊನ ಹೆಸರು ಹೊತ್ತ ಕ್ರಾಂತಿಕಾರಿ ಸ್ಯಾಂಡಿನಿಸ್ಟರಿಗೆ ಚರ್ಚಿನ ಮತ್ತು ಮಿಸ್ಕಿಟೊ ಹೋರಾಟದ ಈ ನಂಟು ಅರ್ಥವಾಗಲಿಲ್ಲ. 1981ರ ಫೆಬ್ರುವರಿಯಲ್ಲಿ ಪ್ರಿನ್ಸಪೋಲ್ಕಾದ ಚರ್ಚಿನಲ್ಲಿ ಜನ ಸೇರಿದ್ದಾಗ ಸೈನಿಕರು ಒಬ್ಬ ಮುಖಂಡನನ್ನು ಬಂಧಿಸಲು ಒಳನುಗ್ಗಿದರು. ಗಲಭೆಯಲ್ಲಿ ನಾಲ್ವರು ಸೈನಿಕರು, ನಾಲ್ವರು ಮಿಸ್ಕಿಟೊಗಳು ಸತ್ತರು. ಮರುವರ್ಷ ಕೊಕೊ ದಡದ ಸಾವಿರಾರು ಜನರನ್ನು ಸರ್ಕಾರ ತಸ್ಬಾ ಪ್ರಿ ಶಿಬಿರಗಳಿಗೆ ಸಾಗಿಸಿತು. ಇನ್ನೂ ಸಾವಿರಾರು ಮಂದಿ ನದಿ ದಾಟಿ ಹೊಂಡುರಾಸ್ ಸೇರಿದರು. ಎಷ್ಟೋ ಬೋಧಕರು ತಮ್ಮ ಸಭೆಯ ಜೊತೆಗೇ ಹೊರಟರು. ಕೊನೆಗೆ ಸಂಧಾನಕ್ಕೂ ಚರ್ಚೇ ಬೇಕಾಯಿತು. 1987ರಲ್ಲಿ ಕರಾವಳಿಗೆ ಸ್ವಾಯತ್ತತೆಯ ಕಾಯ್ದೆ ಬಂತು; 1988ರಲ್ಲಿ ಸರ್ಕಾರ ಮತ್ತು ಅದರ ವಿರುದ್ಧ ಎದ್ದ ಮಿಸ್ಕಿಟೊ ಬಂಡಾಯಗಾರರ ಮಾತುಕತೆಗೆ ಮಧ್ಯಸ್ಥರಾದವರಲ್ಲಿ ಮೊರಾವಿಯನ್ ನಾಯಕ ಆಂಡಿ ಶೋಗ್ರೀನ್ ಪ್ರಮುಖರು.

ಮಿಸ್ಕಿಟೊ ಭಾಷೆಯ ಪೂರ್ಣ ಬೈಬಲ್ 1999ರಲ್ಲಿ ಹೊರಬಂತು. 2024ರ ಆಗಸ್ಟ್‌ನಲ್ಲಿ ಡೇನಿಯಲ್ ಒರ್ಟೆಗಾ ಸರ್ಕಾರ ನೂರಾರು ಧಾರ್ಮಿಕ ಸಂಸ್ಥೆಗಳ ಜೊತೆ ನಿಕರಾಗುವಾದ ಮೊರಾವಿಯನ್ ಚರ್ಚಿನ ಕಾನೂನು ಮಾನ್ಯತೆಯನ್ನೂ ರದ್ದುಪಡಿಸಿತು.