ಧ್ವನಿ ಸಂದರ್ಶನ ಮತ್ತು ಮಾರಾಟ: ಬಂಗಾರಪೇಟೆ–ಕೆ.ಜಿ.ಎಫ್. ಪ್ರದೇಶ

ಸಂದರ್ಶನವನ್ನು ಧ್ವನಿಮುದ್ರಿಸಿ ಪಾಡ್‌ಕಾಸ್ಟ್ ಆಗಿ ಬಿಡುವುದು, ಕೇಳಿದವರ ಇಮೇಲ್ ವಿಳಾಸ ಪಡೆಯುವುದು, ಆ ವಿಳಾಸಕ್ಕೆ ಪತ್ರ ಕಳಿಸಿ ಸರಕು ಮಾರುವುದು: ಈ ವ್ಯಾಪಾರ ಕ್ರಮಕ್ಕೆ ಎರಡು ದಶಕದಷ್ಟೇ ವಯಸ್ಸು. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ ಇದರ ಮೊದಲ ಭಾಗ, ಅಂದರೆ ಊರವರನ್ನೇ ಮಾತಾಡಿಸಿ ಊರಿಗೆ ಕೇಳಿಸುವ ಕೆಲಸ, ಪಾಡ್‌ಕಾಸ್ಟ್ ಬಳಕೆಗೆ ಬರುವ ಮುನ್ನವೇ ನಡೆದಿತ್ತು. ಮಾರಾಟದ ಭಾಗ ಬೆಳೆದದ್ದು ಬೇರೆ ಕಡೆ.

ಆ ಕೆಲಸ ನಡೆದದ್ದು ಹೈದರಾಲಿಯ ಹುಟ್ಟೂರೆಂದು ಹೇಳಲಾಗುವ ಬೂದಿಕೋಟೆಯಲ್ಲಿ, ‘ನಮ್ಮ ಧ್ವನಿ’ ಎಂಬ ಹೆಸರಿನಲ್ಲಿ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿತು. ಮರುವರ್ಷ ಬೆಂಗಳೂರಿನ ‘ವಾಯ್ಸಸ್’ ಸಂಸ್ಥೆ ನಡೆಸಿದ ಸಮಾಲೋಚನೆಯಿಂದ ಸಮುದಾಯ ಬಾನುಲಿ ಕುರಿತ ಬೆಂಗಳೂರು ಘೋಷಣೆ ಹೊರಬಂತು. ಆದರೂ ಹಳ್ಳಿಯೊಂದಕ್ಕೆ ತನ್ನದೇ ಪ್ರಸಾರ ಕೇಂದ್ರ ನಡೆಸಲು ಪರವಾನಗಿ ಸಿಗುವಂತಿರಲಿಲ್ಲ. ವಾಯ್ಸಸ್ ಮತ್ತು ಗ್ರಾಮಾಭಿವೃದ್ಧಿಯ ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನೊಂದಿಗೆ ಬೂದಿಕೋಟೆಯಲ್ಲಿ ಧ್ವನಿಮುದ್ರಣ ಕೇಂದ್ರ ಕಟ್ಟಿದವು. ಗಾಳಿಯಲ್ಲಿ ಬಿಡಲಾಗದ್ದನ್ನು ತಂತಿಯಲ್ಲಿ ಬಿಟ್ಟರು: ಕಾರ್ಯಕ್ರಮಗಳು ಟಿ.ವಿ. ಕೇಬಲ್ ಮೂಲಕ ಮನೆಗಳಿಗೆ ಹೋದವು, ಧ್ವನಿವರ್ಧಕದಿಂದ ಸ್ವಸಹಾಯ ಸಂಘದ ಸಭೆಗಳಲ್ಲೂ ಕೇಳಿಸಿದವು. ಕಾನೂನಿನ ಗೋಡೆಯನ್ನು ಒಡೆಯದೆ ಸುತ್ತಿಹೋದ ಈ ಜಾಣತನಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

ಇದೇ ಹೊತ್ತಿಗೆ, 2001ರ ಫೆಬ್ರವರಿ 28ರಂದು, ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿತು. ಗಣಿ ಸಂಬಳದ ಮೇಲೆ ನಿಂತಿದ್ದ ಸುತ್ತಲಿನ ಪೇಟೆ ಸೊರಗಿತು. ಬೂದಿಕೋಟೆಯ ಕೇಂದ್ರ ಆ ಪೇಟೆಯನ್ನು ನೆಚ್ಚಿಕೊಂಡು ಹುಟ್ಟಿದ್ದಲ್ಲ. ಅದರ ಬೆನ್ನೆಲುಬು ಮೈರಾಡ ಬೆಳೆಸಿದ ಮಹಿಳಾ ಸ್ವಸಹಾಯ ಸಂಘಗಳು. ಬೇಸಾಯ, ಆರೋಗ್ಯ, ಉಳಿತಾಯ–ಸಾಲ ಇವೇ ವಿಷಯ. ಮಾತಾಡುವವರು, ಧ್ವನಿಮುದ್ರಿಸುವವರು ಊರವರೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿ ಪಟ್ಟಣಕ್ಕೆ ಹೋದರೆ ತಮಿಳು ಎನ್ನುವಂಥ ಈ ಗಡಿ ಸೀಮೆಯಲ್ಲಿ ಬರೆದ ಪತ್ರ ಮುಟ್ಟದವರನ್ನೂ ಮಾತು ಮುಟ್ಟುತ್ತದೆ. ಗುರುತಿನ ದನಿಯೊಂದು ತನ್ನ ಅನುಭವ ಹೇಳಿದರೆ ನಂಬಿಕೆ ಬೇಗ ಹುಟ್ಟುತ್ತದೆ. ಸಂದರ್ಶನದಿಂದ ಮಾರಾಟ ಕುದುರುವುದೂ ಈ ಬಲದ ಮೇಲೆಯೇ. ಆದರೆ ಬೂದಿಕೋಟೆಯವರ ಗುರಿ ವ್ಯಾಪಾರವಾಗಿರಲಿಲ್ಲ. ಕಾನೂನೂ ಅದಕ್ಕೆ ಹೆಚ್ಚು ಎಡೆ ಕೊಡಲಿಲ್ಲ: 2006ರ ನವೆಂಬರ್‌ನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ತೆರೆದುಕೊಂಡಾಗ ಕೇಂದ್ರ ಸರ್ಕಾರ ಜಾಹೀರಾತಿಗೆ ಬಿಟ್ಟುಕೊಟ್ಟದ್ದು ಗಂಟೆಗೆ 5 ನಿಮಿಷ ಮಾತ್ರ.

ಇಮೇಲ್ ಮಾರಾಟದ ಕಥೆ ಅಮೆರಿಕದಲ್ಲಿ ಆರಂಭವಾಗುತ್ತದೆ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ ಎಂಬವರು ಅಂತರ್ಜಾಲದ ಪೂರ್ವರೂಪವಾದ ಅರ್ಪಾನೆಟ್‌ನ ಸುಮಾರು 400 ಜನರಿಗೆ ಕಂಪ್ಯೂಟರ್ ಪ್ರದರ್ಶನದ ಕರೆಯೋಲೆ ಕಳಿಸಿದರು. ಬೈಗುಳವೂ ಬಂತು, ಗಿರಾಕಿಗಳೂ ಬಂದರು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಪಾಡ್‌ಕಾಸ್ಟ್‌ಗೆ ಆಧಾರವಾದ, ಹೊಸ ಧ್ವನಿಕಡತ ಬಂದ ಕೂಡಲೇ ಚಂದಾದಾರರ ಯಂತ್ರಕ್ಕೆ ತಲುಪಿಸುವ ಆರ್.ಎಸ್.ಎಸ್. ವ್ಯವಸ್ಥೆ 2000ದ ದಶಕದ ಆರಂಭದ್ದು. 2005ರ ಜೂನ್‌ನಲ್ಲಿ ಆ್ಯಪಲ್‌ನ ಐಟ್ಯೂನ್ಸ್ ಪಾಡ್‌ಕಾಸ್ಟನ್ನು ಎಲ್ಲರ ಕೈಗೆ ಕೊಟ್ಟಿತು. ಕನ್ನಡದಲ್ಲಿ 2018ರಲ್ಲಿ ಆರಂಭವಾದ ‘ತಲೆ–ಹರಟೆ’ಯಂಥ ಮಾತುಕತೆಯ ಪಾಡ್‌ಕಾಸ್ಟ್‌ಗಳಿಗೆ ಕೇಳುಗರು ಸಿಕ್ಕರು.

ಪಾಡ್‌ಕಾಸ್ಟ್‌ನ ಕೊರತೆ ಒಂದೇ. ಎಷ್ಟು ಸಲ ಇಳಿಸಿಕೊಂಡರೆಂಬ ಲೆಕ್ಕ ಸಿಗುತ್ತದೆ, ಕೇಳಿದವರು ಯಾರೆಂಬುದು ಸಿಗುವುದಿಲ್ಲ. ಅದಕ್ಕೇ ಮಾರಾಟಗಾರರು ಸಂದರ್ಶನದ ನಡುವೆ ಉಚಿತ ಕೈಪಿಡಿಯನ್ನೋ ಸೋಡಿಯನ್ನೋ ಮುಂದಿಟ್ಟು ಇಮೇಲ್ ವಿಳಾಸ ಕೇಳುತ್ತಾರೆ. ವಿಳಾಸ ಕೊಟ್ಟವರಿಗೆ ಮೊದಲು ಸಂದರ್ಶನದ ಸಾರ, ಆಮೇಲೆ ಅತಿಥಿಯ ಅನುಭವದ ತುಣುಕು, ಕೊನೆಗೆ ಸರಕಿನ ಬೆಲೆ ಹೋಗುತ್ತದೆ. ಅತಿಥಿಯಾದವರು ತಮ್ಮ ಬಳಗಕ್ಕೂ ಕಂತಿನ ಕೊಂಡಿ ಕಳಿಸುವುದರಿಂದ ವಿಳಾಸಗಳ ಪಟ್ಟಿ ಬೆಳೆಯುತ್ತದೆ.  ಬೂದಿಕೋಟೆಗೆ ಈ ಕಸರತ್ತು ಬೇಕಿರಲಿಲ್ಲ. ಸಭೆಗಳಲ್ಲಿ ಕೇಳಿದವರ ಹೆಸರು ಸಂಘದ ಹಾಜರಿ ಪುಸ್ತಕದಲ್ಲೇ ಇತ್ತು.

ಸಣ್ಣ ವ್ಯಾಪಾರಿಗೆ ಇಮೇಲ್‌ಗಿಂತ ವಾಟ್ಸ್ಆ್ಯಪ್ ಹತ್ತಿರ. ಧ್ವನಿ ಸಂದೇಶ, ದರಪಟ್ಟಿ, ಆರ್ಡರು ಎಲ್ಲ ಒಂದೇ ಕಡೆ ನಡೆಯುತ್ತವೆ. ಆದರೆ ಆ ವೇದಿಕೆಯ ನಿಯಮ ಬರೆಯುವುದು ಅದರ ಒಡೆಯರು, ವ್ಯಾಪಾರಿಯಲ್ಲ. ಇಮೇಲ್ ಪಟ್ಟಿಯನ್ನಾದರೆ ಒಂದು ಸೇವೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯಬಹುದು. ಎರಡಕ್ಕೂ ಗಿರಾಕಿಯ ಒಪ್ಪಿಗೆ ಬೇಕು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಹಕ್ಕೂ ಇದೆ.